ಹಾಲಿವುಡ್ಡಿನ ಕಟ್ಟಳೆಯೂ ‘ಸಿಟಿಜನ್ ಕೇನ್’ ಚಿತ್ರವೂ

ಚಲಚ್ಚಿತ್ರ ಕಣ್ಣಿನ ಕಲೆ, ಬಾನುಲಿ ಕಿವಿಯ ಕಲೆ ಎಂದು ನಾವು ಎರಡಕ್ಕೂ ಬೇರೆ ಬೇರೆ ಮನೆ ಕಟ್ಟಿಕೊಟ್ಟಿದ್ದೇವೆ. ಒಂದು ಮನೆಯವರು ಇನ್ನೊಂದು ಮನೆಗೆ ಅತಿಥಿಗಳಾಗಿ ಹೋಗಿಬರಬಹುದು, ಯಜಮಾನಿಕೆ ಮಾಡಬಾರದು ಎಂಬುದು ಲೋಕದ ಅಭಿಪ್ರಾಯ. ಆದರೆ ಅಮೆರಿಕದ ಚಲಚ್ಚಿತ್ರ ಚರಿತ್ರೆಯಲ್ಲಿ ಇದಕ್ಕೆ ದೊಡ್ಡದೊಂದು ಅಪವಾದವಿದೆ. ಬಾನುಲಿಯ ಮನೆಯಿಂದ ಹೊರಟ ತರುಣನೊಬ್ಬ, ಅದುವರೆಗೆ ಪೂರ್ಣಪ್ರಮಾಣದ ಚಿತ್ರವೊಂದನ್ನೂ ತೆಗೆಯದಿದ್ದವನು, ಹಾಲಿವುಡ್ಡಿಗೆ ಬಂದು, ಅಲ್ಲಿನ ಹಿರಿಯರು ವರ್ಷಗಟ್ಟಲೆ ಪಾಲಿಸಿಕೊಂಡು ಬಂದಿದ್ದ ಕಟ್ಟಳೆಗಳನ್ನು ತನ್ನ ಮೊದಲ ಚಿತ್ರದಲ್ಲಿಯೇ ಅಲುಗಾಡಿಸಿಬಿಟ್ಟ. ಆ ತರುಣ ಆರ್ಸನ್ ವೆಲ್ಸ್; ಆ ಚಿತ್ರ 1941ರಲ್ಲಿ ತೆರೆಕಂಡ ‘ಸಿಟಿಜನ್ ಕೇನ್’. ಆ ಕಟ್ಟಳೆಗಳು ಯಾವುವು, ಆತ ಅವುಗಳನ್ನು ಹೇಗೆ ಮೀರಿದ, ಮೀರಿದ್ದಕ್ಕೆ ತೆತ್ತ ಬೆಲೆ ಎಷ್ಟು ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ವೆಲ್ಸ್ ಹುಟ್ಟಿದ್ದು 1915ರಲ್ಲಿ, ವಿಸ್ಕಾನ್ಸಿನ್ ಸಂಸ್ಥಾನದ ಕೆನೋಷಾ ಎಂಬ ಊರಿನಲ್ಲಿ. ಇಪ್ಪತ್ತೆರಡನೆಯ ವಯಸ್ಸಿಗೆ, 1937ರಲ್ಲಿ, ಜಾನ್ ಹೌಸ್‌ಮನ್ ಎಂಬುವನೊಡನೆ ಸೇರಿ ನ್ಯೂಯಾರ್ಕಿನಲ್ಲಿ ಮರ್ಕ್ಯುರಿ ಥಿಯೇಟರ್ ಎಂಬ ನಾಟಕ ಮಂಡಲಿಯನ್ನು ಕಟ್ಟಿದ. ಮರುವರ್ಷ ಅದೇ ಮಂಡಲಿ ಬಾನುಲಿಯಲ್ಲಿ ವಾರಕ್ಕೊಂದು ನಾಟಕವನ್ನು ಬಿತ್ತರಿಸಲು ತೊಡಗಿತು. 1938ರ ಅಕ್ಟೋಬರ್ 30ರ ರಾತ್ರಿ ಎಚ್. ಜಿ. ವೆಲ್ಸನ ‘ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯ ಸರದಿ. ಈ ಕಾದಂಬರಿಕಾರನಿಗೂ ನಮ್ಮ ವೆಲ್ಸನಿಗೂ ಹೆಸರಿನ ಹೋಲಿಕೆಯಲ್ಲದೆ ಬೇರೆ ನಂಟಿಲ್ಲ. ನಾಟಕ ನಾಟಕದಂತೆ ಆರಂಭವಾಗಲಿಲ್ಲ. ನರ್ತನದ ಸಂಗೀತ ನಡೆಯುತ್ತಿತ್ತು. ನಡುವೆ ಸಂಗೀತ ನಿಂತು ವಾರ್ತೆ ಬಂತು. ಮತ್ತೆ ಸಂಗೀತ, ಮತ್ತೆ ವಾರ್ತೆ. ಮಂಗಳ ಗ್ರಹದವರು ನ್ಯೂಜೆರ್ಸಿಯಲ್ಲಿ ಇಳಿದಿದ್ದಾರೆಂಬುದು ಆ ವಾರ್ತೆಯ ಸಾರ. ತಡವಾಗಿ ರೇಡಿಯೋ ಹಚ್ಚಿದ ಕೆಲವರು ಅದನ್ನು ನಿಜವೆಂದೇ ನಂಬಿ ಹೆದರಿದರು. ದೇಶಕ್ಕೆ ದೇಶವೇ ಬೀದಿಗೆ ಬಿದ್ದಿತೆಂದು ಮಾರನೆಯ ದಿನದ ಪತ್ರಿಕೆಗಳು ಬರೆದದ್ದು ಬಹುಮಟ್ಟಿಗೆ ಉತ್ಪ್ರೇಕ್ಷೆಯೆಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ. ಆ ಮಾತು ಹಾಗಿರಲಿ. ಜನ ಸಂಗತಿಯನ್ನು ನಂಬುವ ಮೊದಲು ಅದನ್ನು ಹೇಳುವ ಧಾಟಿಯನ್ನು ನಂಬುತ್ತಾರೆ ಎಂಬುದನ್ನು ವೆಲ್ಸ್ ಕಂಡುಕೊಂಡಿದ್ದ. ಆ ತಿಳಿವಳಿಕೆ ಮುಂದೆ ಆತನ ಚಿತ್ರಕ್ಕೆ ಬಹಳವಾಗಿ ಒದಗಿತು.

ಈ ಗದ್ದಲದಿಂದ ಬಂದ ಹೆಸರನ್ನು ಕಂಡು ಆರ್‌.ಕೆ.ಓ. ಎಂಬ ಚಿತ್ರಸಂಸ್ಥೆ ವೆಲ್ಸನನ್ನು ಕರೆಯಿತು. 1939ರಲ್ಲಿ ಆದ ಒಪ್ಪಂದ ಹಾಲಿವುಡ್ಡನ್ನು ಬೆರಗುಗೊಳಿಸಿತು. ಬರೆಯುವುದು, ನಿರ್ದೇಶಿಸುವುದು, ನಿರ್ಮಿಸುವುದು, ನಟಿಸುವುದು ಎಲ್ಲವೂ ಆತನದೇ. ಮುಗಿದ ಚಿತ್ರ ಹೇಗಿರಬೇಕೆಂಬ ಕೊನೆಯ ತೀರ್ಮಾನವೂ ಆತನದೇ. ದೊಡ್ಡ ದೊಡ್ಡ ನಿರ್ದೇಶಕರಿಗೂ ದಕ್ಕದಿದ್ದ ಸ್ವಾತಂತ್ರ್ಯವನ್ನು ಇಪ್ಪತ್ತನಾಲ್ಕು ವರ್ಷದ ಹೊಸಬನಿಗೆ ಕೊಟ್ಟರೆ ಅಲ್ಲಿನ ಹಳಬರ ಹೊಟ್ಟೆ ಉರಿಯದಿರುತ್ತದೆಯೆ? ಆತ ಮೊದಲು ಹಮ್ಮಿಕೊಂಡದ್ದು ಜೋಸೆಫ್ ಕಾನ್ರಾಡನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕಥೆಯನ್ನು. ಖರ್ಚು ಮಿತಿಮೀರುವುದೆಂದು ಅದು ನಿಂತಿತು. ಆಮೇಲೆ ಹರ್ಮನ್ ಮ್ಯಾಂಕವಿಟ್ಸ್ ಎಂಬ ಅನುಭವಿ ಲೇಖಕನೊಡನೆ ಸೇರಿ ಸಿದ್ಧಪಡಿಸಿದ್ದು ‘ಸಿಟಿಜನ್ ಕೇನ್’.

ಈಗ ಕಟ್ಟಳೆಗಳ ಮಾತು. ಅವು ಸಿನಿಮಾ ತೆಗೆಯುವವರ ಕೈಗೆ ರೂಢಿಯಿಂದ ಬಂದವು. ಮೊದಲ ಸೂತ್ರ, ಕ್ಯಾಮರಾ ಒಂದು ಇದೆಯೆಂಬುದೇ ಪ್ರೇಕ್ಷಕನಿಗೆ ತಿಳಿಯಬಾರದು. ಒಂದು ದೃಶ್ಯ ಬಂತೆಂದರೆ ಮೊದಲು ದೂರದಿಂದ ಇಡೀ ಕೋಣೆಯ ನೋಟ. ಬಳಿಕ ಮಾತನಾಡುವ ಇಬ್ಬರ ನೋಟ. ಆಮೇಲೆ ಒಬ್ಬನ ಮುಖ, ಅವನ ಮಾತಿಗೆ ಉತ್ತರವಾಗಿ ಇನ್ನೊಬ್ಬಳ ಮುಖ. ತುಂಡುಗಳನ್ನು ಎಷ್ಟು ನಯವಾಗಿ ಜೋಡಿಸಬೇಕೆಂದರೆ ಬೆಸುಗೆ ಕಾಣಬಾರದು. ನಾಯಕ ನಾಯಕಿಯರ ಮುಖ ಬೆಳಕಿನಲ್ಲಿ ತೊಳೆದಂತೆ ಇರಬೇಕು. ಹಿಂದಿನದು ಮಂಜಿನಲ್ಲಿ ಕಂಡಂತೆ ಮಸುಕಾಗಿರಬೇಕು. ಕಥೆ ನೇರವಾಗಿ ಮುಂದಕ್ಕೆ ಸಾಗಬೇಕು; ನಾಯಕನ ಮನಸ್ಸಿನಲ್ಲಿ ಏನಿದೆಯೆಂಬುದು ಪ್ರೇಕ್ಷಕನಿಗೆ ಸಂಶಯವಿಲ್ಲದೆ ಗೊತ್ತಾಗಬೇಕು; ಕೊನೆಯಲ್ಲಿ ಗಂಟೆಲ್ಲ ಬಿಚ್ಚಿ ಮನೆಗೆ ಹೋಗುವವನ ಮನಸ್ಸು ಹಗುರವಾಗಬೇಕು.

ಇವುಗಳನ್ನು ಹಳಿಯಬೇಕೆಂದು ಹೇಳುತ್ತಿಲ್ಲ. ಇಂಗ್ಲಿಷಿನ ಒಂದಕ್ಷರವೂ ಬಾರದವನು ಕೂಡ ಹಾಲಿವುಡ್ಡಿನ ಕಥೆಯನ್ನು ಹಿಡಿಯಬಲ್ಲವನಾದದ್ದು ಈ ಕಟ್ಟಳೆಗಳಿಂದಲೇ. ಇವು ಜಾತ್ರೆಯ ಜನಜಂಗುಳಿಯಲ್ಲಿ ಹಿರಿಯರು ಮಗುವಿನ ಕೈಹಿಡಿದು ನಡೆಸುವಂತೆ ನಮ್ಮ ಕಣ್ಣನ್ನು ನಡೆಸುತ್ತವೆ: ಇಲ್ಲಿ ನೋಡು, ಈಗ ಅಲ್ಲಿ ನೋಡು, ಈಗ ಅಳು, ಈಗ ನಗು. ಮಗು ದಾರಿ ತಪ್ಪುವುದಿಲ್ಲ, ನಿಜ. ಆದರೆ ತಾನಾಗಿ ಏನನ್ನೂ ಕಂಡುಕೊಳ್ಳುವುದೂ ಇಲ್ಲ. ವೆಲ್ಸ್ ಮಾಡಿದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಆತ ಆ ಕೈಯನ್ನು ಬಿಟ್ಟ.

ಹೀಗೆ ಬಿಡುವುದಕ್ಕೆ ಆತನಿಗೆ ನೆರವಾದವನು ಛಾಯಾಗ್ರಾಹಕ ಗ್ರೆಗ್ ಟೋಲೆಂಡ್. 1904ರಲ್ಲಿ ಹುಟ್ಟಿದ ಟೋಲೆಂಡ್ ಆ ವೇಳೆಗಾಗಲೇ ‘ವುದರಿಂಗ್ ಹೈಟ್ಸ್’ ಚಿತ್ರಕ್ಕಾಗಿ ಅಕಾಡೆಮಿ ಪ್ರಶಸ್ತಿ ಪಡೆದಿದ್ದ. ಜಾನ್ ಫೋರ್ಡನ ‘ಗ್ರೇಪ್ಸ್ ಆಫ್ ರಾತ್’ ಮತ್ತು ‘ಲಾಂಗ್ ವಾಯೇಜ್ ಹೋಮ್’ ಚಿತ್ರಗಳನ್ನು ತೆಗೆದಿದ್ದ. ಅಂಥವನು ತಾನಾಗಿಯೇ ಬಂದು, ಚಿತ್ರ ತೆಗೆಯುವುದು ಹೇಗೆಂದು ತಿಳಿಯದವನೊಡನೆ ಕೆಲಸಮಾಡುವ ಆಸೆ ತನಗೆ ಎಂದು ಹೇಳಿದನೆಂಬುದನ್ನು ವೆಲ್ಸ್ ಮುಂದೆ ಅನೇಕ ಸಲ ನೆನೆದಿದ್ದಾನೆ. ಯಾವುದು ಸಾಧ್ಯವಿಲ್ಲವೆಂದು ತಿಳಿಯದವನಿಗೆ ಏನನ್ನಾದರೂ ಕೇಳುವ ಧೈರ್ಯವಿರುತ್ತದೆ. ಅದನ್ನು ಮಾಡಿಕೊಡುವ ವಿದ್ಯೆ ಟೋಲೆಂಡನಲ್ಲಿತ್ತು. ಚಿತ್ರದಲ್ಲಿ ನಿರ್ದೇಶಕನ ಹೆಸರೂ ಛಾಯಾಗ್ರಾಹಕನ ಹೆಸರೂ ಒಂದೇ ಫಲಕದಲ್ಲಿ ಬರುತ್ತವೆ. ಹಾಲಿವುಡ್ಡಿನಲ್ಲಿ ಅದು ಅಪರೂಪದ ಮರ್ಯಾದೆ.

ಟೋಲೆಂಡನ ವಿದ್ಯೆ ಯಾವುದು? ದೂರದ ಅಕ್ಷರವನ್ನು ಓದಬೇಕಾದಾಗ ನಾವು ಕಣ್ಣನ್ನು ಕಿರಿದುಮಾಡಿ ನೋಡುತ್ತೇವಲ್ಲವೆ? ಕ್ಯಾಮರಾದ ಮಸೂರಕ್ಕೂ ಹಾಗೆ ಕಿರಿದಾಗುವ ಒಂದು ಕಂಡಿ ಉಂಟು. ಕಂಡಿ ಅಗಲವಾಗಿದ್ದರೆ ಒಂದು ದೂರದಲ್ಲಿರುವುದು ಮಾತ್ರ ಸ್ಪಷ್ಟ. ಅದರ ಹಿಂದಿನದೂ ಮುಂದಿನದೂ ಮಸುಕು. ಕಂಡಿಯನ್ನು ಕಿರಿದುಮಾಡಿದರೆ ಮೂಗಿನ ಮುಂದಿರುವುದೂ ಕೋಣೆಯ ಆಚೆಯ ಗೋಡೆಯೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಆದರೆ ಒಳಗೆ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಟೋಲೆಂಡ್ ಹಲವು ಉಪಾಯಗಳನ್ನು ಕೂಡಿಸಿದ. ಕೊಡಕ್ ಸಂಸ್ಥೆ ಆಗ ತಾನೇ ಹೊರತಂದಿದ್ದ, ಕಡಿಮೆ ಬೆಳಕಿಗೂ ಚುರುಕಾಗಿ ಸ್ಪಂದಿಸುವ ಫಿಲ್ಮನ್ನು ಬಳಸಿದ. ಬಣ್ಣದ ಚಿತ್ರಗಳಿಗೆಂದು ಬಂದಿದ್ದ ಪ್ರಖರವಾದ ಆರ್ಕ್ ದೀಪಗಳನ್ನು ತರಿಸಿದ. ಬೆಳಕು ಗಾಜಿನಲ್ಲಿ ಚೆದರಿ ವ್ಯರ್ಥವಾಗದಂತೆ ಮಸೂರಕ್ಕೆ ತೆಳುವಾದ ಲೇಪ ಹಾಕಿಸಿದ. ಹೆಚ್ಚು ಅಗಲವನ್ನೂ ಆಳವನ್ನೂ ಹಿಡಿಯುವ ಮಸೂರಗಳನ್ನು ಆರಿಸಿಕೊಂಡ. ಇದರಿಂದ ದೊರೆತದ್ದನ್ನು ಚಿತ್ರರಂಗದವರು ‘ಡೀಪ್ ಫೋಕಸ್’ ಎನ್ನುತ್ತಾರೆ. ನಾವು ಆಳದ ಸ್ಪಷ್ಟತೆ ಎನ್ನೋಣ.

ಇದು ಬರಿಯ ಯಂತ್ರದ ಜಾಣತನವಾಗಿದ್ದರೆ ಇಷ್ಟು ಹೇಳುವ ಕಾರಣವಿರಲಿಲ್ಲ. ಇದರಿಂದ ಕಥೆಗೆ ಬಂದ ಲಾಭವನ್ನು ಒಂದು ದೃಶ್ಯದಲ್ಲಿ ನೋಡಿ. ಕೊಲರಾಡೋದ ಹಿಮದ ನಾಡಿನಲ್ಲಿ ಬಡವರ ಒಂದು ಊಟವಸತಿಯ ಮನೆ. ಬಾಡಿಗೆ ಕೊಡಲಾಗದ ಯಾರೋ ಬಿಟ್ಟುಹೋದ ಗಣಿಯ ಹಕ್ಕುಪತ್ರದಿಂದ ಆ ಮನೆಯೊಡತಿಗೆ ಅಪಾರ ಸಂಪತ್ತು ಬಂದಿದೆ. ಮಗನನ್ನು ಬ್ಯಾಂಕಿನ ಧಣಿ ಥ್ಯಾಚರನ ವಶಕ್ಕೆ ಕೊಟ್ಟು ಪಟ್ಟಣಕ್ಕೆ ಕಳಿಸಲು ಅವಳು ನಿಶ್ಚಯಿಸಿದ್ದಾಳೆ. ಮೇಜಿನ ಬಳಿ, ನಮ್ಮ ಕಣ್ಣಿಗೆ ಹತ್ತಿರದಲ್ಲಿ, ತಾಯಿ ಮತ್ತು ಥ್ಯಾಚರ್ ಕಾಗದಗಳ ಮುಂದೆ ಕುಳಿತಿದ್ದಾರೆ. ನಡುವೆ ತಂದೆ ನಿಂತು ಬೇಡವೆಂದು ಗೊಣಗುತ್ತಿದ್ದಾನೆ. ಅವರ ಹಿಂದೆ, ದೂರದ ಕಿಟಕಿಯ ಚೌಕಟ್ಟಿನೊಳಗೆ, ಬಾಲಕ ಚಾರ್ಲ್ಸ್ ಕೇನ್ ಹಿಮದಲ್ಲಿ ಕೂಗುತ್ತಾ ಆಡುತ್ತಿದ್ದಾನೆ. ಬೆರಳುದ್ದದ ಬೊಂಬೆಯಷ್ಟು ಚಿಕ್ಕದಾಗಿ ಕಾಣುತ್ತಾನೆ, ಆದರೂ ಸ್ಪಷ್ಟವಾಗಿ ಕಾಣುತ್ತಾನೆ. ತಂದೆ ಹೋಗಿ ಕಿಟಕಿ ಮುಚ್ಚುತ್ತಾನೆ. ತಾಯಿ ಎದ್ದು ಹೋಗಿ ಅದನ್ನು ತೆರೆಯುತ್ತಾಳೆ.

ಹಳೆಯ ಕಟ್ಟಳೆಯಲ್ಲಿ ಇದನ್ನು ತಾಯಿಯ ಕಣ್ಣೀರು, ಮಗನ ನಗು, ಲೇಖನಿಯ ತುದಿ ಎಂದು ಹತ್ತಾರು ತುಂಡುಗಳಾಗಿ ಮಾಡಿ ತೋರಿಸುತ್ತಿದ್ದರು. ಇಲ್ಲಿ ತುಂಡಿಲ್ಲ. ಹುಡುಗನ ಹಣೆಬರಹ ಮುಂದೆ ಬರೆಯಲ್ಪಡುತ್ತಿದೆ, ಹುಡುಗ ಹಿಂದೆ ಏನೂ ಅರಿಯದೆ ಆಡುತ್ತಿದ್ದಾನೆ. ಎರಡನ್ನೂ ಒಂದೇ ಕಾಲದಲ್ಲಿ ನೋಡುವವರು ನಾವು ಮಾತ್ರ. ನೋಡಿ ಸಂಕಟಪಡಬೇಕೆಂದು ಯಾರೂ ನಮಗೆ ಹೇಳುವುದಿಲ್ಲ. ಸಂಕಟ ತಾನಾಗಿ ಹುಟ್ಟುತ್ತದೆ.

ಇನ್ನೊಂದು ದೃಶ್ಯ. ಮುಂದೆ ಶ್ರೀಮಂತನಾಗಿ, ಪತ್ರಿಕೆಗಳ ಒಡೆಯನಾಗಿ ಮೆರೆದ ಕೇನ್, 1929ರ ಆರ್ಥಿಕ ಕುಸಿತದಲ್ಲಿ ತನ್ನ ಪತ್ರಿಕೆಗಳ ಹಿಡಿತವನ್ನು ಬಿಟ್ಟುಕೊಡಬೇಕಾಗುತ್ತದೆ. ಕಾಗದಕ್ಕೆ ಸಹಿಮಾಡುವ ಕೋಣೆಯ ಹಿಂಬದಿಯಲ್ಲಿ ಕಿಟಕಿಗಳಿವೆ; ಅವು ಸಾಧಾರಣ ಅಳತೆಯವೆಂದೇ ನಮಗೆ ತೋರುತ್ತದೆ. ಕೇನ್ ಮಾತನಾಡುತ್ತಾ ಆ ಕಡೆಗೆ ನಡೆದು ಹೋಗುತ್ತಾನೆ. ಹೋದಂತೆಲ್ಲ ಸಣ್ಣವನಾಗುತ್ತಾನೆ. ಕಿಟಕಿಯ ಬುಡ ಆತನ ತಲೆಗಿಂತಲೂ ಮೇಲಿದೆ! ತಿರುಗಿ ಬರುವಾಗ ಮತ್ತೆ ದೊಡ್ಡವನಾಗುತ್ತಾನಾದರೂ ನಮ್ಮ ಮನಸ್ಸಿನಲ್ಲಿ ಆ ಕುಳ್ಳ ಆಕೃತಿ ಉಳಿದುಬಿಡುತ್ತದೆ. ಸೋಲಿನ ಬಗ್ಗೆ ಒಂದು ಪುಟದ ಮಾತು ಮಾಡಲಾರದ್ದನ್ನು ಆರು ಹೆಜ್ಜೆಯ ನಡಿಗೆ ಮಾಡುತ್ತದೆ.

ಮೇಲ್ಛಾವಣಿಯ ಸಂಗತಿ ಇನ್ನೂ ಸ್ವಾರಸ್ಯವಾದುದು. ಆ ಕಾಲದ ಸ್ಟುಡಿಯೋ ಸೆಟ್ಟುಗಳಿಗೆ ಸಾಮಾನ್ಯವಾಗಿ ಛಾವಣಿ ಇರುತ್ತಿರಲಿಲ್ಲ. ದೀಪಗಳೂ ಧ್ವನಿಗ್ರಾಹಕಗಳೂ ಮೇಲಿನಿಂದಲೇ ತೂಗಬೇಕಲ್ಲ. ಆದ್ದರಿಂದ ಕ್ಯಾಮರಾ ತಲೆಯೆತ್ತಿ ನೋಡುವಂತಿರಲಿಲ್ಲ. ವೆಲ್ಸನಿಗೆ ತಲೆಯೆತ್ತಿ ನೋಡುವುದೇ ಬೇಕಾಗಿತ್ತು. ಟೋಲೆಂಡ್ ಮಸ್ಲಿನ್ ಬಟ್ಟೆಯನ್ನು ಬಿಗಿದು ಛಾವಣಿ ಮಾಡಿಸಿದ; ಧ್ವನಿಗ್ರಾಹಕಗಳು ಬಟ್ಟೆಯ ಮೇಲೆ ಅಡಗಿದವು, ಧ್ವನಿ ಬಟ್ಟೆಯ ಮೂಲಕ ಹಾದುಹೋಯಿತು. ಕೇನ್ ಚುನಾವಣೆಯಲ್ಲಿ ಸೋತ ರಾತ್ರಿಯ ದೃಶ್ಯಕ್ಕಾಗಿ ನೆಲವನ್ನೇ ಅಗೆದು ಗುಂಡಿ ಮಾಡಿ ಕ್ಯಾಮರಾವನ್ನು ಅದರೊಳಗೆ ಇಳಿಸಿದರು. ಕೆಳಗಿನಿಂದ ನೋಡಿದರೆ ಮನುಷ್ಯ ಬಲಿಷ್ಠನಾಗಿ ಕಾಣುತ್ತಾನೆಂಬುದು ಎಲ್ಲರೂ ಬಲ್ಲ ಸೂತ್ರ. ಇಲ್ಲಿ ಕೇನ್ ಬೆಟ್ಟದಂತೆ ನಿಂತಿರುವುದು ಎಲ್ಲವನ್ನೂ ಕಳೆದುಕೊಂಡ ಗಳಿಗೆಯಲ್ಲಿ. ಆತನ ತಲೆಯ ಮೇಲೆ ಛಾವಣಿ ಅದುಮುತ್ತಿದೆ; ಮದ್ಯದ ಅಮಲಿನಲ್ಲಿರುವ ಹಳೆಯ ಗೆಳೆಯ ಲೀಲೆಂಡ್ ಆತನಿಗೆ ಮುಖದ ಮೇಲೆ ಹೊಡೆದಂತೆ ಸತ್ಯ ಹೇಳುತ್ತಿದ್ದಾನೆ. ಆಕಾರ ದೊಡ್ಡದು, ಅವಸ್ಥೆ ಚಿಕ್ಕದು.

ಎಲ್ಲವೂ ಕ್ಯಾಮರಾ ಒಂದರಿಂದಲೇ ಆದದ್ದೂ ಅಲ್ಲ. ಕೇನನ ಎರಡನೆಯ ಹೆಂಡತಿ ಸೂಸನ್ ವಿಷ ಕುಡಿದು ಮಲಗಿರುವ ದೃಶ್ಯವನ್ನು ಆಳದ ಸ್ಪಷ್ಟತೆಗೆ ಉದಾಹರಣೆಯಾಗಿ ಬಹಳ ಜನ ಕೊಡುತ್ತಾರೆ. ತೀರ ಮುಂದೆ ಗಾಜಿನ ಲೋಟ ಮತ್ತು ಚಮಚ, ನಡುವೆ ಕತ್ತಲಲ್ಲಿ ಅವಳ ಮುಖ, ದೂರದಲ್ಲಿ ಕೇನ್ ಬಡಿಯುತ್ತಿರುವ ಬಾಗಿಲು. ವಾಸ್ತವವಾಗಿ ಅದು ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ಹಿಡಿದು ಕೂಡಿಸಿದ್ದು. ಹಲವು ದೃಶ್ಯಗಳನ್ನು ಲಿನ್‌ವುಡ್ ಡನ್ ಎಂಬ ತಂತ್ರಜ್ಞ ಪ್ರಯೋಗಶಾಲೆಯಲ್ಲಿ ಬೆಸೆದುಕೊಟ್ಟ. ಯಾವ ಉಪಾಯದಿಂದಾದರೂ ಸರಿ, ಹತ್ತಿರದ್ದೂ ದೂರದ್ದೂ ಒಟ್ಟಿಗೆ ನಮ್ಮ ಕಣ್ಣಿಗೆ ಬೀಳಬೇಕೆಂಬ ಹಟ ಅದರ ಹಿಂದಿತ್ತು.

ಇನ್ನು ಧ್ವನಿಯ ಸಂಗತಿ. ಬಾನುಲಿ ಕೇಳುವ ಅಭ್ಯಾಸವುಳ್ಳ ನೀವು ಈ ಚಿತ್ರವನ್ನು ನೋಡಿದರೆ ಇದರಲ್ಲಿ ಬಾನುಲಿ ನಾಟಕದ ಕೈವಾಡವನ್ನು ಕೂಡಲೇ ಗುರುತಿಸುತ್ತೀರಿ. ಬಾನುಲಿಯಲ್ಲಿ ಪರದೆ ಇಳಿಸಲಾಗುವುದಿಲ್ಲ. ಒಂದು ಧ್ವನಿಯಿಂದ ಇನ್ನೊಂದು ಧ್ವನಿಗೆ ಹಾರಿದರೆ ಊರೂ ಬದಲಾಯಿತು, ಕಾಲವೂ ಬದಲಾಯಿತು. ಥ್ಯಾಚರ್ ಬಾಲಕ ಕೇನನಿಗೆ ಕ್ರಿಸ್‌ಮಸ್ಸಿನ ಶುಭಾಶಯ ಹೇಳುತ್ತಾನೆ. ಆ ವಾಕ್ಯ ಹೊಸ ವರ್ಷದ ಶುಭಾಶಯದಿಂದ ಪೂರ್ತಿಯಾಗುವಷ್ಟರಲ್ಲಿ ಹತ್ತಾರು ವರ್ಷ ಕಳೆದು, ಥ್ಯಾಚರನ ತಲೆ ನರೆತು, ಕೇನ್ ವಯಸ್ಸಿಗೆ ಬಂದಿದ್ದಾನೆ. ಮತ್ತೊಂದು ಕಡೆ ಸೂಸನ್ನಳ ಚಿಕ್ಕ ಕೋಣೆಯಲ್ಲಿ ಅವಳ ಹಾಡಿಗೆ ಕೇನ್ ಚಪ್ಪಾಳೆ ತಟ್ಟುತ್ತಾನೆ. ಆ ಚಪ್ಪಾಳೆಯೇ ಬೀದಿಯಲ್ಲಿ ಲೀಲೆಂಡನ ಚುನಾವಣಾ ಭಾಷಣಕ್ಕೆ ಕೆಲವರು ತಟ್ಟುವ ಚಪ್ಪಾಳೆಯಾಗುತ್ತದೆ. ಲೀಲೆಂಡ್ ಶುರುಮಾಡಿದ ವಾಕ್ಯವನ್ನು ಸಾವಿರಾರು ಜನ ತುಂಬಿದ ಸಭಾಂಗಣದಲ್ಲಿ ಕೇನ್ ಮುಗಿಸುತ್ತಾನೆ. ಎರಡು ಮೂರು ಉಸಿರಿನಲ್ಲಿ ಒಬ್ಬ ಮನುಷ್ಯನ ರಾಜಕೀಯದ ಏರಿಕೆ ಮುಗಿದೇಹೋಯಿತು!

ಸಂಗೀತ ಒದಗಿಸಿದ ಬರ್ನಾರ್ಡ್ ಹರ್ಮನ್ನನೂ ಬಾನುಲಿಯಿಂದ ಬಂದವನೇ. ಇದು ಆತನ ಮೊದಲ ಚಿತ್ರ. ನಟರಲ್ಲಿ ಹಲವರು ಮರ್ಕ್ಯುರಿ ಮಂಡಲಿಯವರು. ಒಬ್ಬನ ಮಾತು ಮುಗಿಯುವ ಮುನ್ನ ಇನ್ನೊಬ್ಬನು ಬಾಯಿ ಹಾಕುವುದು ಅವರಿಗೆ ಅಭ್ಯಾಸ. ಮನೆಗಳಲ್ಲಿ ನಾವು ಮಾತನಾಡುವುದೂ ಹಾಗೆಯೇ ತಾನೆ? ಕೇನ್ ತನ್ನ ಮುಪ್ಪಿನಲ್ಲಿ ಕಟ್ಟಿಸಿಕೊಂಡ ಜಾನಡು ಎಂಬ ಅರಮನೆಯಲ್ಲಿ ಗಂಡಹೆಂಡಿರು ಒಂದೇ ಕೋಣೆಯಲ್ಲಿದ್ದರೂ ಕೂಗಿಯೇ ಮಾತನಾಡಬೇಕು. ಮಾತು ಗೋಡೆಗೆ ಬಡಿದು ಮಾರ್ದನಿಗೊಡುತ್ತದೆ. ಅವರ ನಡುವಿನ ದೂರವನ್ನು ಕಣ್ಣು ಮುಚ್ಚಿಕೊಂಡೂ ಅಳೆಯಬಹುದು.

ಇಷ್ಟೆಲ್ಲ ಇದ್ದರೂ, ಚಿತ್ರದ ಕಥೆ ಹೇಳುವ ರೀತಿ ಹಳೆಯದೇ ಆಗಿದ್ದರೆ ಈ ಹೊಸತು ಒಡವೆಯಾಗಿ ಮಾತ್ರ ಉಳಿಯುತ್ತಿತ್ತು. ‘ಸಿಟಿಜನ್ ಕೇನ್’ ಕಥಾನಾಯಕನ ಸಾವಿನಿಂದ ಆರಂಭವಾಗುತ್ತದೆ. ಪ್ರಾಣ ಬಿಡುವಾಗ ಆತ ‘ರೋಸ್‌ಬಡ್’ ಎಂಬ ಒಂದೇ ಪದವನ್ನು ಉಚ್ಚರಿಸುತ್ತಾನೆ. ಗುಲಾಬಿಯ ಮೊಗ್ಗು ಎಂದು ಅದರ ಅರ್ಥ. ಒಡನೆಯೇ ಆತನ ಜೀವನವನ್ನೆಲ್ಲ ಗಡಿಬಿಡಿಯಿಂದ ಹೇಳಿಬಿಡುವ ಒಂದು ವಾರ್ತಾಚಿತ್ರ. ಅದು ಆ ಕಾಲದ ವಾರ್ತಾಚಿತ್ರಗಳ ತದ್ರೂಪ. ಹಳೆಯ ಫಿಲ್ಮಿನಂತೆ ಕಾಣಲೆಂದು ಅದನ್ನು ನೆಲದ ಮೇಲೆ ಎಳೆದು ಗೀರು ಬೀಳಿಸಿದ್ದರು. ಮಂಗಳ ಗ್ರಹದ ನಾಟಕದಲ್ಲಿ ವಾರ್ತೆಯ ಧಾಟಿಯನ್ನು ಅನುಕರಿಸಿದ ಕೈಯೇ ಇದು. ಆದರೆ ಈ ಸಲ ಉದ್ದೇಶ ಬೇರೆ. ಘಟನೆಗಳೆಲ್ಲ ಸರಿಯಾಗಿ ಹೇಳಲ್ಪಟ್ಟಿವೆ, ಮನುಷ್ಯ ಮಾತ್ರ ಸಿಕ್ಕಲಿಲ್ಲ ಎಂಬ ಅತೃಪ್ತಿಯನ್ನು ಅದು ನಮ್ಮಲ್ಲಿ ಹುಟ್ಟಿಸುತ್ತದೆ.

ಆಗ ಟಾಮ್ಸನ್ ಎಂಬ ವರದಿಗಾರ ಆ ಕೊನೆಯ ಪದದ ಅರ್ಥವನ್ನು ಹುಡುಕುತ್ತಾ ಹೊರಡುತ್ತಾನೆ. ಥ್ಯಾಚರ್ ಬರೆದಿಟ್ಟ ನೆನಪಿನ ಪುಸ್ತಕವನ್ನು ಓದುತ್ತಾನೆ. ಕೇನನ ವ್ಯವಹಾರ ನೋಡಿಕೊಳ್ಳುತ್ತಿದ್ದ ಬರ್ನ್‌ಸ್ಟೀನ್, ಗೆಳೆಯ ಲೀಲೆಂಡ್, ಬಿಟ್ಟುಹೋದ ಹೆಂಡತಿ ಸೂಸನ್, ಅರಮನೆಯ ಬಟ್ಲರ್ ರೇಮಂಡ್ ಇವರನ್ನು ಮಾತನಾಡಿಸುತ್ತಾನೆ. ಐವರ ಬಾಯಲ್ಲಿ ಐದು ಕೇನ್. ಥ್ಯಾಚರನಿಗೆ ಆತ ಉಡಾಳ. ಬರ್ನ್‌ಸ್ಟೀನನಿಗೆ ದೊಡ್ಡ ಮನುಷ್ಯ. ಲೀಲೆಂಡನಿಗೆ ಪ್ರೀತಿಯನ್ನು ಬೇಡುತ್ತಾ ಕೊಡಲು ಮಾತ್ರ ಬಾರದವನು. ನಮ್ಮಲ್ಲಿ ಅಂಧಗಜನ್ಯಾಯ ಎಂದು ಹೇಳುವುದುಂಟಷ್ಟೆ. ಆದರೆ ಆನೆಯನ್ನು ಮುಟ್ಟಿದ ಆ ಕುರುಡರಿಗೆ ತಪ್ಪನ್ನು ತಿದ್ದಿಕೊಡಲು ಕಣ್ಣುಳ್ಳವನೊಬ್ಬನಾದರೂ ಇದ್ದ. ಇಲ್ಲಿ ಇಡೀ ಆನೆಯನ್ನು ಕಂಡವರು ಯಾರೂ ಇಲ್ಲ. ವರದಿಗಾರನ ಮುಖವನ್ನು ಕೂಡ ವೆಲ್ಸ್ ಕೊನೆಯವರೆಗೆ ನೆರಳಿನಲ್ಲಿಯೇ ಇರಿಸುತ್ತಾನೆ. ತೀರ್ಪು ಹೇಳುವ ಪೀಠ ಖಾಲಿಯಾಗಿದೆ. ಅದರ ಮೇಲೆ ಕೂರಬೇಕಾದವರು ನಾವು.

ಕಾಲವನ್ನು ಈ ಚಿತ್ರ ಹೇಗೆ ಮಡಿಸಿಡುತ್ತದೆಂಬುದಕ್ಕೆ ಬೆಳಗಿನ ಉಪಾಹಾರದ ದೃಶ್ಯವೊಂದೇ ಸಾಕು. ಕೇನ್ ಮತ್ತು ಆತನ ಮೊದಲ ಹೆಂಡತಿ ಎಮಿಲಿ ಮೇಜಿನ ಮುಂದೆ ಕುಳಿತಿದ್ದಾರೆ. ಹೊಸತರಲ್ಲಿ ಪ್ರೀತಿಯ ಮಾತು. ಕ್ಯಾಮರಾ ಸರ್ರನೆ ತಿರುಗುತ್ತದೆ. ಉಡುಪು ಬದಲಾಗಿದೆ, ಮಾತಿನಲ್ಲಿ ಸಣ್ಣ ಮುನಿಸು. ಮತ್ತೆ ತಿರುಗುತ್ತದೆ, ಈಗ ಕೊಂಕು. ಹೀಗೆ ಕೆಲವು ತಿರುವುಗಳಾದ ಮೇಲೆ ಮಾತೇ ಇಲ್ಲ. ಆತ ತನ್ನ ಪತ್ರಿಕೆಯನ್ನು ಓದುತ್ತಿದ್ದಾನೆ; ಅವಳ ಕೈಯಲ್ಲಿರುವುದು ಆತನ ಪ್ರತಿಸ್ಪರ್ಧಿಯ ಪತ್ರಿಕೆ! ಒಂದು ದಾಂಪತ್ಯ ಮುರಿದುಬಿದ್ದ ಬಗೆ ಎರಡು ಮೂರು ನಿಮಿಷಗಳಲ್ಲಿ ಮುಗಿಯಿತು. ನೋಡಿದವರು ನಗುತ್ತಾರೆ, ನಗುತ್ತಲೇ ಗಂಭೀರರಾಗುತ್ತಾರೆ.

ಕೊನೆಗೆ ಟಾಮ್ಸನ್ನನಿಗೆ ಆ ಪದದ ಅರ್ಥ ಸಿಕ್ಕುವುದಿಲ್ಲ. ಒಂದು ಪದದಿಂದ ಒಬ್ಬ ಮನುಷ್ಯನ ಬಾಳನ್ನು ವಿವರಿಸಲಾಗದೆಂದು ಹೇಳಿ ಆತ ಹೊರಟುಹೋಗುತ್ತಾನೆ. ಆತ ಹೋದ ಮೇಲೆ, ಕಥೆಯೊಳಗಿನ ಯಾರಿಗೂ ತಿಳಿಯದಂತೆ, ಕ್ಯಾಮರಾ ಅದನ್ನು ನಮಗೊಬ್ಬರಿಗೇ ತೋರಿಸಿಬಿಡುತ್ತದೆ. ಅದು ಏನೆಂದು ನಾನು ಹೇಳುವುದಿಲ್ಲ. ನೋಡದವರ ಸಂತೋಷವನ್ನು ಕೆಡಿಸಬಾರದು. ಇಷ್ಟು ಮಾತ್ರ ಹೇಳಬಹುದು: ತಿಳಿದ ಮೇಲೂ ಕೇನ್ ಪೂರ್ತಿಯಾಗಿ ಅರ್ಥವಾಗುವುದಿಲ್ಲ. ಅನುಕಂಪ ಹೆಚ್ಚುತ್ತದೆ, ಗಂಟು ಉಳಿಯುತ್ತದೆ. ಚಿತ್ರದ ಮೊದಲಿಗೆ ಅರಮನೆಯ ಬೇಲಿಯಲ್ಲಿ ಕಂಡಿದ್ದ, ಅನುಮತಿಯಿಲ್ಲದೆ ಒಳಗೆ ಬರಬಾರದೆಂಬ ಫಲಕವೇ ಕೊನೆಯಲ್ಲೂ ಕಾಣುತ್ತದೆ.

ವೆಲ್ಸ್ ಎಲ್ಲವನ್ನೂ ಶೂನ್ಯದಿಂದ ಸೃಷ್ಟಿಸಿದನೆಂದು ಹೇಳಿದರೆ ಅನ್ಯಾಯವಾಗುತ್ತದೆ. ಸತ್ತ ಧನಿಕನೊಬ್ಬನ ಬಾಳನ್ನು ಹಿಂದುಮುಂದಾಗಿ ಹೇಳುವ ‘ದಿ ಪವರ್ ಅಂಡ್ ದಿ ಗ್ಲೋರಿ’ ಎಂಬ ಚಿತ್ರ 1933ರಲ್ಲಿಯೇ ಬಂದಿತ್ತು. ಫ್ರಾನ್ಸಿನಲ್ಲಿ ಜಾನ್ ರೆನ್ವಾರ್ 1939ರ ‘ರೂಲ್ಸ್ ಆಫ್ ದಿ ಗೇಮ್’ ಚಿತ್ರದಲ್ಲಿ ಆಳದ ನೋಟವನ್ನು ಸೊಗಸಾಗಿ ಬಳಸಿದ್ದ. ನೆರಳು ಬೆಳಕಿನ ಆಟವನ್ನು ಜರ್ಮನರು ಮೂಕಚಿತ್ರಗಳ ಕಾಲದಲ್ಲಿಯೇ ಕಲಿಸಿದ್ದರು. ವೆಲ್ಸ್ ತಾನೇ ಫೋರ್ಡನ ‘ಸ್ಟೇಜ್‌ಕೋಚ್’ ಚಿತ್ರವನ್ನು ಮತ್ತೆ ಮತ್ತೆ ಹಾಕಿಸಿ ನೋಡಿ ಪಾಠ ಕಲಿತ. ಚಿತ್ರಕಥೆಯಲ್ಲಿ ಯಾರ ಪಾಲು ಎಷ್ಟೆಂಬ ಬಗ್ಗೆ 1971ರಲ್ಲಿ ಪಾಲಿನ್ ಕೇಲ್ ಎಂಬ ವಿಮರ್ಶಕಿ ದೊಡ್ಡ ವಾದವನ್ನೇ ಎಬ್ಬಿಸಿದಳು. ಮ್ಯಾಂಕವಿಟ್ಸನದೂ ವೆಲ್ಸನದೂ ಇಬ್ಬರ ಕೈಯೂ ಅದರಲ್ಲಿದೆಯೆಂದು ಮುಂದಿನ ಸಂಶೋಧನೆ ತೋರಿಸಿತು. ಹೂವುಗಳು ಬೇರೆ ಬೇರೆ ತೋಟದವಾಗಿರಬಹುದು. ಮಾಲೆ ಕಟ್ಟಿದ್ದು ಹೊಸದು.

ಈಗ ಬೆಲೆಯ ಮಾತು. ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಎಂಬುವನು ಆಗ ಅಮೆರಿಕದ ಅತಿ ಪ್ರಬಲ ಪತ್ರಿಕೋದ್ಯಮಿ. ಆತನಿಗೂ ಗುಡ್ಡದ ಮೇಲೆ ಒಂದು ಅರಮನೆಯಿತ್ತು. ಆತನ ಆಶ್ರಯದಲ್ಲಿಯೂ ಒಬ್ಬ ನಟಿ ಇದ್ದಳು. ಕೇನನ ಕಥೆ ತನ್ನದೇ ಎಂದು ಹರ್ಸ್ಟ್‌ನ ಕಡೆಯವರು ಕೆರಳಿದರು. ಆತನ ಪತ್ರಿಕೆಗಳು ಈ ಚಿತ್ರದ ಹೆಸರೆತ್ತಲಿಲ್ಲ, ಜಾಹೀರಾತನ್ನೂ ಮುದ್ರಿಸಲಿಲ್ಲ. ಚಿತ್ರ ಬಿಡುಗಡೆಯಾಗುವ ಮೊದಲೇ, ಹಾಲಿವುಡ್ಡಿನ ದೊಡ್ಡ ಧಣಿಗಳ ಪರವಾಗಿ, ಸುಮಾರು ಎಂಟು ಲಕ್ಷ ಡಾಲರ್ ಕೊಡುತ್ತೇವೆ, ಇದರ ಮೂಲಪ್ರತಿಯನ್ನು ಸುಟ್ಟುಬಿಡಿ ಎಂಬ ಮಾತು ಆರ್‌.ಕೆ.ಓ. ಅಧ್ಯಕ್ಷ ಜಾರ್ಜ್ ಷೇಫರನ ಬಳಿಗೆ ಬಂತು. ಆ ಮೊತ್ತ ಹೆಚ್ಚುಕಡಮೆ ಚಿತ್ರಕ್ಕೆ ತಗಲಿದ ವೆಚ್ಚದಷ್ಟೇ. ಷೇಫರ್ ಒಪ್ಪಲಿಲ್ಲ. ಆ ಒಬ್ಬ ಮನುಷ್ಯನ ಒಂದು ‘ಇಲ್ಲ’ ಎಂಬ ಮಾತಿಗೆ ನಾವೆಲ್ಲ ಋಣಿಗಳು.

1941ರ ಮೇ 1ರಂದು ನ್ಯೂಯಾರ್ಕಿನಲ್ಲಿ ಚಿತ್ರ ತೆರೆಕಂಡಿತು. ವಿಮರ್ಶಕರು ಹೊಗಳಿದರು. ಆದರೆ ಎಷ್ಟೋ ಚಿತ್ರಮಂದಿರಗಳ ಒಡೆಯರು ಹೆದರಿ ಹಿಂದೆಗೆದರು; ಸಂಸ್ಥೆಗೆ ಸುಮಾರು ಒಂದೂವರೆ ಲಕ್ಷ ಡಾಲರ್ ನಷ್ಟವಾಯಿತು. ಒಂಬತ್ತು ಅಕಾಡೆಮಿ ಪ್ರಶಸ್ತಿಗಳಿಗೆ ಹೆಸರಿಸಲ್ಪಟ್ಟು ದೊರೆತದ್ದು ಒಂದು, ಚಿತ್ರಕಥೆಗೆ. ಅಷ್ಟಕ್ಕೇ ನಿಲ್ಲಲಿಲ್ಲ. 1942ರಲ್ಲಿ ವೆಲ್ಸ್ ಇನ್ನೊಂದು ಚಿತ್ರದ ಕೆಲಸದ ಮೇಲೆ ಬ್ರೆಜಿಲ್‌ನಲ್ಲಿದ್ದಾಗ, ಆತನ ಎರಡನೆಯ ಚಿತ್ರ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್‌ಸನ್ಸ್’ ಅನ್ನು ಸಂಸ್ಥೆಯವರು ನಲವತ್ತಕ್ಕೂ ಹೆಚ್ಚು ನಿಮಿಷ ಕತ್ತರಿಸಿ, ಕೊನೆಯನ್ನು ಬೇರೆ ಮಾಡಿಸಿ ಬಿಡುಗಡೆ ಮಾಡಿದರು. ಕತ್ತರಿಸಿದ ಭಾಗಗಳು ನಾಶವಾದವು. ಅದೇ ವರ್ಷ ಷೇಫರ್ ತನ್ನ ಸ್ಥಾನವನ್ನು ಕಳೆದುಕೊಂಡ. ‘ಕೇನ್’ ಚಿತ್ರಕ್ಕೆ ಸಿಕ್ಕಿದಷ್ಟು ಸ್ವಾತಂತ್ರ್ಯ ಹಾಲಿವುಡ್ಡಿನಲ್ಲಿ ವೆಲ್ಸನಿಗೆ ಮತ್ತೆ ಸಿಕ್ಕಲಿಲ್ಲ. ಟೋಲೆಂಡ್ 1946ರಲ್ಲಿ ವಿಲಿಯಂ ವೈಲರನ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ಚಿತ್ರದಲ್ಲಿ ತನ್ನ ವಿದ್ಯೆಯನ್ನು ಇನ್ನಷ್ಟು ಸರಳಗೊಳಿಸಿ ತೋರಿಸಿ, 1948ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ.

ಚಿತ್ರ ಮಾತ್ರ ಸಾಯಲಿಲ್ಲ. ಯುದ್ಧ ಮುಗಿದ ಮೇಲೆ 1946ರಲ್ಲಿ ಅದು ಫ್ರಾನ್ಸಿಗೆ ಹೋಯಿತು. ಅಲ್ಲಿ ಆಂದ್ರೆ ಬಜಾನ್ ಎಂಬ ವಿಮರ್ಶಕ ಇದರ ತಿರುಳನ್ನು ಹಿಡಿದ. ಆಳದ ಸ್ಪಷ್ಟತೆ ಪ್ರೇಕ್ಷಕನಿಗೆ ಆಯ್ಕೆಯ ಸ್ವಾತಂತ್ರ್ಯವನ್ನು ಕೊಡುತ್ತದೆ, ಸಂಕಲನದ ಕತ್ತರಿ ಕಿತ್ತುಕೊಂಡಿದ್ದ ಸಂದಿಗ್ಧತೆಯನ್ನು ಬಾಳಿಗೆ ಹಿಂದಿರುಗಿಸುತ್ತದೆ ಎಂಬುದು ಆತನ ವಿಚಾರದ ಸಾರ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. 1952ರ ಮೊದಲ ಹತ್ತರಲ್ಲಿ ‘ಕೇನ್’ ಇರಲಿಲ್ಲ. 1962ರಲ್ಲಿ ಮೊದಲ ಸ್ಥಾನಕ್ಕೇರಿ 2002ರ ಪಟ್ಟಿಯವರೆಗೂ ಅಲ್ಲಿಯೇ ನಿಂತಿತು. 2012ರಲ್ಲಿ ಎರಡನೆಯದಾಯಿತು, 2022ರಲ್ಲಿ ಮೂರನೆಯದು. ಈ ಏಣಿಶ್ರೇಣಿಗೆ 1985ರಲ್ಲಿ ತೀರಿಕೊಂಡ ವೆಲ್ಸನಾಗಲಿ ನಾವಾಗಲಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ನೋಡಿದವರ ಕಣ್ಣು ಬದಲಾಯಿತೆಂಬುದೇ ಮುಖ್ಯ.

ನಿಮಗೆ ಈ ಚಿತ್ರವನ್ನು ನೋಡುವ ಅವಕಾಶ ಒದಗಿದರೆ ಒಂದು ಸಣ್ಣ ಸೂಚನೆ. ಮಾತನಾಡುತ್ತಿರುವವನ ಮುಖವನ್ನೇ ನೋಡುತ್ತಾ ಕೂರಬೇಡಿ. ಕೋಣೆಯ ಮೂಲೆಯನ್ನು ನೋಡಿ. ಬಾಗಿಲ ಹಿಂದೆ ಯಾರಿದ್ದಾರೆಂದು ನೋಡಿ. ಹಿಂದಿನ ಕಿಟಕಿಯನ್ನು ನೋಡಿ. ಅಲ್ಲಿ ಯಾವುದೋ ಮಗು, ತನ್ನ ಬಾಳಿನ ತೀರ್ಮಾನ ಒಳಗೆ ನಡೆಯುತ್ತಿದೆಯೆಂದು ತಿಳಿಯದೆ, ಆಡುತ್ತಿರಬಹುದು. ಅದನ್ನು ನಿಮಗೆ ಯಾರೂ ಬೆರಳು ತೋರಿಸಿ ಹೇಳುವುದಿಲ್ಲ, ನೀವೇ ಕಂಡುಕೊಳ್ಳಬೇಕು.